ಕರೆವ್ವನ ಮೂಗು

ಗಬ್ಬೂರ

ನನಗೆ ಇಂಗ್ಲಿಷ್ ಬರುತ್ತದೆ, ಫಕೀರಪ್ಪ ಮಿಸ್ತ್ರಿಗೆ ಎಂಜಿನ್ ಬರುತ್ತದೆ. ಎಂಜಿನ್ ಬಿಚ್ಚಿದರೆ ತಿರುಗಿ ಕೂಡಿಸಲು ನನಗೆ ಬಾರದು. ಇಂಗ್ಲಿಷಿನಲ್ಲಿ ಒಂದು ಲೋಟ ನೀರು ಕೇಳಲು ಅವರಿಗೆ ಬಾರದು. ಇಷ್ಟೇ ಬಂಡವಾಳ ಕಟ್ಟಿಕೊಂಡು ನಾವಿಬ್ಬರೂ ೨೦೦೪ರ ಜುಲೈಯಲ್ಲಿ ಹುಬ್ಬಳ್ಳಿ ಬಿಟ್ಟೆವು. ಇಂಗ್ಲೆಂಡಿಗೆ ಹೊಂದಿಕೊಂಡ ವೇಲ್ಸ್ ಎಂಬ ಗುಡ್ಡಗಾಡಿನ ಒಂದು ಕುರಿ ಹೊಲದಲ್ಲಿ ನಾಲ್ಕು ದಿನ ಡೇರೆ ಹೊಡೆದು ಇದ್ದು ಬಂದೆವು. ಅಲ್ಲಿ ನೆರೆದದ್ದು ಹಳೆಯ ಮೋಟರ್‌ಸೈಕಲ್ಲುಗಳ ಮೇಳ. ಲಂಡನ್ನಿನ ದೊಡ್ಡ ಗಡಿಯಾರ, ರಾಣಿಯ ಅರಮನೆ ಯಾವುದನ್ನೂ ನೋಡಲಿಲ್ಲ. ಊರಲ್ಲಿ ಎಲ್ಲರೂ ಅದನ್ನೇ ಕೇಳುತ್ತಾರೆ, ಇಲ್ಲ ಎಂದರೆ ಮರುಕದಿಂದ ನೋಡುತ್ತಾರೆ. ನಾನು ನೋಡಿದ್ದೇನೆಂದು ಅವರಿಗೇನು ಗೊತ್ತು.

ನಮ್ಮನ್ನು ಅಷ್ಟು ದೂರ ಎಳೆದುಕೊಂಡು ಹೋದವಳು ಕರೆವ್ವ. ಕರೆವ್ವ ಎಂದರೆ ನಮ್ಮಪ್ಪನ ಮೋಟರ್‌ಸೈಕಲ್. ೧೯೩೮ರ ಬ್ರಿಟಿಷ್ ಗಾಡಿ, ಒಂಟಿ ಸಿಲಿಂಡರು, ಮೈಯೆಲ್ಲ ಕಪ್ಪು. ರೈಲ್ವೆಯ ಒಬ್ಬ ಸಾಹೇಬ ದೇಶ ಬಿಡುವಾಗ ಅದನ್ನು ಅಪ್ಪನಿಗೆ ಕೊಟ್ಟು ಹೋಗಿದ್ದ. ಅಪ್ಪ ಹತ್ತಿ ವ್ಯಾಪಾರಿ. ಬೆಳಗಾದರೆ ಕೇಶ್ವಾಪುರದ ಮನೆಯಿಂದ ಹತ್ತಿ ಜಿನ್ನಿಗೆ ಅದರ ಮೇಲೆಯೇ ಸವಾರಿ. ಅದು ಓಣಿಗೆ ಬಂತೆಂದರೆ ಅಡುಗೆಮನೆಯ ಹಲಗೆಯ ಮೇಲಿನ ಡಬ್ಬಿಗಳು ನಡುಗುತ್ತಿದ್ದವು. ಕರೆವ್ವ ಎಂದು ಹೆಸರಿಟ್ಟವಳು ನಮ್ಮಜ್ಜಿ. ಮುಂದೆ ಅಪ್ಪನಿಗೆ ಮೊಣಕಾಲು ಹಿಡಿದು ಕಿಕ್ ಹೊಡೆಯಲು ಆಗದಾದಾಗ, ೧೯೬೮ರಲ್ಲಿ, ಧಾರವಾಡದಲ್ಲಿ ಇಂಗ್ಲಿಷ್ ಕಲಿಸಲು ಬಂದಿದ್ದ ಆಲನ್ ಎಂಬ ತರುಣನಿಗೆ ಅಪ್ಪ ಅದನ್ನು ಮಾರಿದರು. ಆತ ಮುಂಬಯಿಯಿಂದ ಹಡಗು ಹತ್ತಿಸಿ ತನ್ನೂರಿಗೆ ಸಾಗಿಸಿದ. ನನಗಾಗ ಹತ್ತು ವರ್ಷ. ಎರಡು ದಿನ ಊಟ ಬಿಟ್ಟೆ. ಮೂರನೆಯ ದಿನ ಅವ್ವ ಹೋಳಿಗೆ ಮಾಡಿದಳು.

ಆಮೇಲೆ ಆಲನ್ನನಿಂದ ವರ್ಷಕ್ಕೊಂದು ಕಾರ್ಡು ಬರುತ್ತಿತ್ತು, ಅದರೊಳಗೆ ಕರೆವ್ವನ ಫೋಟೋ. ೨೦೦೪ರಲ್ಲಿ ಕಾರ್ಡಿನ ಜೊತೆ ಪತ್ರವೂ ಬಂತು. ಜುಲೈಯಲ್ಲಿ ಮೇಳವಿದೆ, ನಿಮ್ಮ ತಂದೆಯ ಗಾಡಿಯನ್ನು ನೀನೇ ಓಡಿಸಿಕೊಂಡು ಬಾ, ಡೇರೆ ನನ್ನದು. ಒಂದೇ ತೊಂದರೆ, ಏರು ಬಂದರೆ ಗಾಡಿ ಕೆಮ್ಮುತ್ತದೆ, ಇಲ್ಲಿ ಯಾರಿಗೂ ಕಾರಣ ಸಿಕ್ಕಿಲ್ಲ. ಆಗಿನ ನಿಮ್ಮ ಮೆಕ್ಯಾನಿಕ್ ಬದುಕಿದ್ದರೆ ಅವರನ್ನೂ ಕರೆದುಕೊಂಡು ಬಾ.

ಬದುಕಿದ್ದಾರೆಯೇ ಅಂದರೆ. ಫಕೀರಪ್ಪ ಮಿಸ್ತ್ರಿ ಗಬ್ಬೂರ ಬೈಪಾಸಿನ ಬದಿಗೆ ಗ್ಯಾರೇಜು ಇಟ್ಟುಕೊಂಡಿದ್ದಾರೆ. ವಯಸ್ಸು ಐವತ್ತೆಂಟು, ನನಗಿಂತ ಹನ್ನೆರಡು ವರ್ಷ ಹಿರಿಯರು. ಹದಿನೆಂಟಕ್ಕೆ ಹಳ್ಳಿ ಬಿಟ್ಟು ಬಂದು ನಮ್ಮ ಜಿನ್ನಿನ ಲೇತಿನ ಮೇಲೆ ಕೆಲಸ ಕಲಿತವರು. ಅವರು ಬಂದ ಮೇಲೆ ಕರೆವ್ವನ ಮೈಗೆ ಬೇರೆಯವರ ಪಾನಾ ತಾಗಿದ್ದಿಲ್ಲ. ನಾನು ಹೋದಾಗ ಒಂದು ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದರು, ಕಾಲು ಮಾತ್ರ ಕಾಣುತ್ತಿತ್ತು.

"ಮಿಸ್ತ್ರಿ, ಕರೆವ್ವ ನೆನಪದಾಳೇನ್ರಿ?"

"ಹೆಂಡ್ತಿನ್ನ ಮರತೇನು, ಅಕಿನ್ನ ಮರಿಯಂಗಿಲ್ಲ. ಏನಾತ್ರಿ?"

"ಏರಿನ್ಯಾಗ ಕೆಮ್ಮಾಕತ್ತಾಳಂತ."

ಆಗ ಹೊರಗೆ ಬಂದರು. "ಎಲ್ಲಿ ಅದಾಳ?"

"ಇಂಗ್ಲೆಂಡಿನ್ಯಾಗ."

ಮಿಸ್ತ್ರಿ ಕೈ ಒರೆಸಿಕೊಂಡರು. "ಅಲ್ಲಿ ಥಂಡಿ ಭಾಳ ನೋಡ್ರಿ. ಯಾವಾಗ ಹೋಗೂಣು?"

ಮುಂಬಯಿ ವಿಮಾನ ನಿಲ್ದಾಣ

ಪಾಸ್‌ಪೋರ್ಟು, ವೀಸಾಗಳ ಪುರಾಣ ಬೇಡ. ಮುಂಬಯಿಯಲ್ಲಿ ಆದದ್ದನ್ನು ಮಾತ್ರ ಹೇಳುತ್ತೇನೆ. ಮಿಸ್ತ್ರಿ ಬಟ್ಟೆಯನ್ನೆಲ್ಲ ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ, ಪಾನಾ, ಸುತ್ತಿಗೆ, ಕಾನಸುಗಳನ್ನು ಕೈಚೀಲದಲ್ಲಿ ಇಟ್ಟುಕೊಂಡಿದ್ದರು. ಬಟ್ಟೆ ಕಳೆದರೆ ಕೊಳ್ಳಬಹುದು, ಕೈಗೆ ಹೊಂದಿದ ಪಾನಾ ಸಿಕ್ಕೀತೇ ಎಂಬುದು ಅವರ ವಾದ. ತಪಾಸಣೆಯ ಪೊಲೀಸರು ಚೀಲ ತೆರೆದು ಒಂದೊಂದೇ ಹೊರಗಿಟ್ಟರು. ಹಿಂದಿನ ಸಾಲು ಬೆಳೆಯಿತು. ನಾನು ಓಡಿ, ಕಾಲುಬಿದ್ದು, ಪೆಟ್ಟಿಗೆಯನ್ನು ವಾಪಸು ತರಿಸಿ ಅದರಲ್ಲಿ ಪಾನಾ ತುಂಬಿದೆ. ತೂಕ ಹೆಚ್ಚಾಯಿತು ಅಂದರು. ನನ್ನ ಹೆಂಡತಿ ಶಾಂತಾ ಕಟ್ಟಿಕೊಟ್ಟಿದ್ದ ಶೇಂಗಾ ಚಟ್ನಿ, ಕಡಕ್ ರೊಟ್ಟಿ ಕೈಚೀಲಕ್ಕೆ ಬಂದವು. ಹೀಗೆ ಪಾನಾ ಹೊಟ್ಟೆಯಲ್ಲಿಟ್ಟುಕೊಂಡು ವಿಮಾನ ಹಾರಿತು, ರೊಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ನಾವು ಹಾರಿದೆವು.

ಆಲನ್ನನ ಮನೆ

ಆಲನ್ನನಿಗೆ ಈಗ ಅರವತ್ತು. ತಲೆಗೂದಲು ಹೋಗಿದೆ, ಕಲಿತಿದ್ದ ಕನ್ನಡವೂ ಹೋಗಿದೆ. ಉಳಿದದ್ದು 'ಛಲೋ ಐತಿ' ಎಂಬುದೊಂದೇ, ಅದನ್ನು ಎಲ್ಲದಕ್ಕೂ ಬಳಸುತ್ತಾನೆ. ಪ್ರಯಾಣ ಹೇಗಿತ್ತು ಎಂದು ನಮ್ಮನ್ನೇ ಕೇಳಿ, ಉತ್ತರವನ್ನೂ ಆತನೇ ಹೇಳಿದ. ಆತನ ಹೆಂಡತಿ ಮಾರ್ಗರೆಟ್ ಕಡಕ್ ರೊಟ್ಟಿಯನ್ನು ಕಂಡು ಬಿಸ್ಕೀಟು ಎಂದುಕೊಂಡು ಚಹಾದಲ್ಲಿ ಅದ್ದಿದಳು. ಮಿಸ್ತ್ರಿ ಅದನ್ನು ನೋಡಿ, ತಡೆಯದೆ, ತಾವೂ ಒಂದು ತುಂಡು ಅದ್ದಿದರು. "ಅಡ್ಡಿ ಇಲ್ಲರಿ" ಅಂದರು.

ಕರೆವ್ವ ಇದ್ದ ಗ್ಯಾರೇಜು ನಮ್ಮ ದೇವರ ಮನೆಗಿಂತ ಸ್ವಚ್ಛ. ಮಿಸ್ತ್ರಿ ಬಾಗಿಲಲ್ಲಿ ಬೂಟು ಕಳಚಿ ಒಳಗೆ ಹೋದರು. ಮೂವತ್ತಾರು ವರ್ಷದ ಮೇಲೆ ಅಪ್ಪನ ಗಾಡಿ ಎದುರಿಗೆ ನಿಂತಿತ್ತು, ಅದೇ ಪೆಟ್ರೋಲ್ ಟಾಕಿ, ಅದೇ ಸೀಟು, ಹ್ಯಾಂಡಲಿಗೆ ಅದೇ ಓರೆ. ಮಿಸ್ತ್ರಿ ಟಾಕಿಯ ಮೇಲೆ ಅಂಗೈ ಊರಿ ಸ್ವಲ್ಪ ಹೊತ್ತು ಹಾಗೆಯೇ ನಿಂತರು. ನಾನು ಬೇರೆ ಕಡೆ ನೋಡಿದೆ, ಇಲ್ಲದಿದ್ದರೆ ಅಳುತ್ತಿದ್ದೆ.

ಆಗ ಆಲನ್ ಬ್ಯಾಟರಿ ಹಚ್ಚಿ ಕಾರ್ಬೊರೇಟರಿನ ಬಾಯಿಗೆ ಬೆಳಕು ಬಿಟ್ಟ. ಅಲ್ಲೊಂದು ಹಿತ್ತಾಳೆಯ ಡಬ್ಬಿ, ಮುಷ್ಟಿಯಷ್ಟು ದೊಡ್ಡದು, ಮುಂದೆ ತಂತಿಯ ಜಾಲರಿ. ಅದನ್ನು ತೋರಿಸುವಾಗ ಆತನ ದನಿಯೇ ಬದಲಾಯಿತು. ಬಿಸಿಲಿನ ದೇಶಗಳ ಧೂಳಿಗೆಂದು ಕಾರ್ಖಾನೆಯವರೇ ಮಾಡಿದ ವಿಶೇಷ ಭಾಗವಂತೆ ಇದು. ಇಡೀ ಲೋಕದಲ್ಲಿ ಉಳಿದದ್ದು ಇದೊಂದೇ. ಕಾರ್ಖಾನೆಯಲ್ಲಿ ಮೊಹರು ಮಾಡಿ ಕಳಿಸಿದ್ದು, ಬಿಚ್ಚಲು ಬಾರದು. ಒಮ್ಮೆ ದೊಡ್ಡ ಪಾನಾ ಹಾಕಿ ತಿರುವಿದರೆ ಇನ್ನಷ್ಟು ಬಿಗಿಯಾಯಿತಂತೆ, ಅಂದಿನಿಂದ ಕೈ ಹಚ್ಚಿಲ್ಲ. ಹನ್ನೊಂದು ವರ್ಷ ಹಳೆಯ ಕಾಗದಪತ್ರ ಹುಡುಕಿ ಈ ಬಗ್ಗೆ ಆತ ಒಂದು ದೊಡ್ಡ ಲೇಖನ ಬರೆದಿದ್ದ. ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗು ಹಾಕಿದ್ದ. ಕಾರ್ಖಾನೆಯಿಂದ ಹೊರಬಂದ ಹಾಗೆಯೇ ಉಳಿದ ಗಾಡಿಗೆ ಮೇಳದಲ್ಲಿ ಬಹುಮಾನವಾಗಿ ಒಂದು ಕಪ್ಪು ಕೊಡುತ್ತಾರೆ. ಈ ವರ್ಷ ಅದು ಕರೆವ್ವನಿಗೇ ಎಂದು ಎಲ್ಲರೂ ಹೇಳುತ್ತಿದ್ದಾರಂತೆ.

"ಇವರನ್ನು ಕೇಳು, ಆಗ ಗಾಡಿಯಲ್ಲಿ ಇದು ಇತ್ತೇ? ನೋಡಿದ್ದರೇ?" ಎಂದು ಆಲನ್ ನೋಟುಪುಸ್ತಕ ತೆರೆದ.

ನಾನು ಕೇಳಿದೆ. ಮಿಸ್ತ್ರಿ ನಕ್ಕರು.

"ನೋಡೂದೇನ್ರಿ ಸಾವಕಾರ್ರ, ನಾನ ಮಾಡಿದ್ದು. ನಿಮ್ಮ ಮನಿ ಸ್ಟೋವ್ ಒಡದಿತ್ತಲ್ಲ, ಅದರ ಹಿತ್ತಾಳಿ. ಜಿನ್ನಿಗೆ ಹೋದಾಗ ಹತ್ತಿ ಎಳಿ ಒಳಗ ಹೊಕ್ಕೊಂಡ ಗಾಡಿ ನಿಲ್ಲತಿತ್ತು. ಅದಕ್ಕ ಒಂದು ಮೂಗು ಮಾಡಿ ಕುಂದರ್ಸಿದ್ದೆ. ಹೇಳ್ರಿ ಅವರಿಗೆ."

ಆಲನ್ ಪೆನ್ನು ಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದ. ಆತನ ಹಿಂದೆ ಗೋಡೆಯ ಮೇಲೆ ಹನ್ನೊಂದು ವರ್ಷದ ಲೇಖನ. ಉಂಡ ಮನೆಯ ಜಂತಿ ಎಣಿಸಬಾರದು ಎನ್ನುತ್ತಾರೆ; ನಾನಿನ್ನೂ ಉಂಡಿರಲೂ ಇಲ್ಲ, ಮಾರ್ಗರೆಟ್ಟಳ ಅಡುಗೆ ಒಲೆಯ ಮೇಲಿತ್ತು.

"ಹೌದಂತೆ, ನೋಡಿದ್ದಾರಂತೆ" ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಆಲನ್ ಹಿಗ್ಗಿ ಅದನ್ನು ಬರೆದುಕೊಂಡ.

"ಏನಂದ್ರು?" ಎಂದರು ಮಿಸ್ತ್ರಿ.

"ಹೇಳಿದೆ. ಭಾಳ ಖುಷಿ ಆತಂತ" ಅಂದೆ. ಮಿಸ್ತ್ರಿಯ ಮುಖ ಅರಳಿತು. ನಾಳೆ ಸಮಯ ನೋಡಿ ಇಬ್ಬರಿಗೂ ಸತ್ಯ ಹೇಳಿಬಿಡುವುದು ಎಂದು ಅಲ್ಲಿಯೇ ತೀರ್ಮಾನಿಸಿದೆ. ಇಂಥ ತೀರ್ಮಾನಗಳಲ್ಲಿ ನಮ್ಮ ಮನೆತನದವರು ಗಟ್ಟಿಗರು.

ದಾರಿ

ಗುರುವಾರ ಬೆಳಿಗ್ಗೆ ಹೊರಟೆವು. ಆಲನ್ ತನ್ನ ಇನ್ನೊಂದು ಗಾಡಿಯ ಮೇಲೆ, ಅದರ ಪಕ್ಕದ ಸೈಡ್‌ಕಾರಿನಲ್ಲಿ ಮಿಸ್ತ್ರಿ, ಮಿಸ್ತ್ರಿಯ ಕಾಲ ಮೇಲೆ ಡೇರೆ, ಡೇರೆಯ ಮೇಲೆ ಚಹಾದ ಕೆಟಲ್ಲು. ತಲೆಗೆ ಚರ್ಮದ ಟೊಪ್ಪಿಗೆ, ಕಣ್ಣಿಗೆ ದುಂಡು ಕನ್ನಡಕ. ಪಲ್ಲಕ್ಕಿಯಲ್ಲಿ ಕೂತ ಸ್ವಾಮಿಗಳ ಹಾಗೆ ಅವರು ಎರಡೂ ಬದಿಯ ಜನಕ್ಕೆ ಕೈ ಎತ್ತುತ್ತಿದ್ದರು, ಜನರೂ ಎತ್ತುತ್ತಿದ್ದರು. ಹಿಂದೆ ಕರೆವ್ವನ ಮೇಲೆ ನಾನು. ಗೇರು ನಮ್ಮ ಹಳೆಯ ಗಾಡಿಗಳ ಹಾಗೆ ಬಲಗಾಲಿಗೆ, ರಸ್ತೆಯ ಎಡಕ್ಕೆ ನಡೆಯುವುದೂ ನಮ್ಮ ಪದ್ಧತಿಯೇ. ಮೊದಲ ಅರ್ಧ ತಾಸು ಹೆದರಿದೆ. ಆಮೇಲೆ ಕಪ್ಪು ಟಾಕಿಯ ಮೇಲೆ ಮೋಡ ಓಡುವುದನ್ನು ನೋಡುತ್ತ, ಅಪ್ಪ ಕೂತ ಜಾಗದಲ್ಲಿ ಕೂತು, ಹೆಲ್ಮೆಟಿನೊಳಗೆ ಬಾಯಿಬಿಟ್ಟು ಹಾಡಿದೆ. ಅಷ್ಟು ಸಂತೋಷ ನನಗೆ ಮದುವೆಯಲ್ಲೂ ಆಗಿರಲಿಲ್ಲ. ಶಾಂತಾ ಇದನ್ನು ಓದುವುದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ವೇಲ್ಸ್ ಬಂದದ್ದು ಫಲಕಗಳಿಂದ ಗೊತ್ತಾಯಿತು. ಪ್ರತಿ ಊರಿಗೆ ಎರಡೆರಡು ಹೆಸರು, ಅವರ ಭಾಷೆಯಲ್ಲೊಂದು, ಇಂಗ್ಲಿಷಿನಲ್ಲೊಂದು. ಕೆಲವು ಕಡೆ ಇಂಗ್ಲಿಷಿಗೆ ಯಾರೋ ಬಣ್ಣ ಬಳಿದಿದ್ದರು. ಗಡಿನಾಡಿನ ಕಡೆಯ ಬೋರ್ಡುಗಳನ್ನು ಕಂಡ ನನಗೆ ಊರು ಹತ್ತಿರ ಬಂದಂತಾಯಿತು.

ಆಮೇಲೆ ಏರು ಶುರುವಾಯಿತು, ಕರೆವ್ವ ಕೆಮ್ಮಿದಳು. ನೆಲ ಸಮ ಇದ್ದಾಗ ಓಟದ ಕುದುರೆ, ಏರು ಬಂದರೆ ದಮ್ಮಿನ ಮುದುಕಿ. ಎರಡನೆಯ ಗುಡ್ಡದ ಅರ್ಧಕ್ಕೆ ನಿಂತೇಬಿಟ್ಟಳು. ಆಲನ್ ಬಂದು ಇದು ಇವಳ ಸ್ವಭಾವ ಎಂದು ಸಮಾಧಾನ ಹೇಳಿದ. ಮಿಸ್ತ್ರಿ ಸೈಡ್‌ಕಾರಿನಿಂದ ಇಳಿದು ಎಂಜಿನ್ನಿನ ಬಳಿ ಕಿವಿ ಇಟ್ಟು, ಕಿಕ್ ಹೊಡೆಸಿ, ಎದ್ದು ನಿಂತರು.

"ಮೂಗು ಕಟ್ಟೇತ್ರಿ. ಒಳಗ ಹತ್ತಿ ಕುಂತೈತಿ. ನಾ ವಾರಕ್ಕೊಮ್ಮೆ ಬಿಚ್ಚಿ ತಗೀತಿದ್ದೆ, ಇವರು ಮೂವತ್ತಾರು ವರ್ಷ ಬಿಚ್ಚಿಲ್ಲ. ಎರಡ ನಿಮಿಷದ ಕೆಲಸ, ಬಿಚ್ಚಲೇನು?"

"ಈಗ ಬ್ಯಾಡ್ರಿ" ಎಂದೆ ಗಾಬರಿಯಾಗಿ. "ಮ್ಯಾಳಕ್ಕ ಹೋಗಿ ನೋಡೂಣು."

"ಯಾಕರಿ?"

"ಮಳಿ ಬರೂ ಹಂಗ ಐತಿ."

ಅಲ್ಲಿ ಮಳೆ ಬರುವ ಹಾಗೆ ಇಲ್ಲದ ಹೊತ್ತೇ ಇಲ್ಲ, ಹಾಗಾಗಿ ನನ್ನ ಮಾತು ನಡೆಯಿತು. ಗಾಡಿಯನ್ನು ಮೂವರೂ ನೂಕಿ ಗುಡ್ಡ ಹತ್ತಿಸಿದೆವು. ಎರಡು ಸುಳ್ಳಿನ ಭಾರವೂ ಸೇರಿ ನನಗೆ ಉಸಿರು ಹತ್ತಿತ್ತು.

ಕುರಿ ಹೊಲ

ಮೇಳದ ಹೊಲಕ್ಕೆ ತಿರುಗಿದಾಗ ನಾನು ಗಾಡಿ ನಿಲ್ಲಿಸಿ ಕೂತಲ್ಲೇ ಕೂತೆ. ಇಳಿಜಾರಿನ ಉದ್ದಕ್ಕೂ ಮುನ್ನೂರು ನಾನೂರು ಹಳೆಯ ಗಾಡಿಗಳು, ಪ್ರತಿಯೊಂದರ ಪಕ್ಕ ಒಂದು ಸಣ್ಣ ಡೇರೆ. ಪಟ್ಟೆಯಿಂದ ಓಡುವ ಗಾಡಿ, ಮೂರು ಗಾಲಿಯ ಗಾಡಿ, ಟಾಕಿಯ ಪಕ್ಕ ಗೇರಿನ ಕೋಲು ಇರುವ ಗಾಡಿ. ಒಂದೊಂದು ಎಂಜಿನ್ನಿಗೆ ಒಂದೊಂದು ದನಿ. ಮಿಸ್ತ್ರಿ ಕಣ್ಣುಮುಚ್ಚಿ ಕೇಳಿದರು. "ಅದಕ್ಕ ಟೈಮಿಂಗ್ ಇಲ್ಲ. ಇದಕ್ಕ ಎಣ್ಣಿ ಕಮ್ಮಿ ಆಗೇತಿ. ಅದು ಛಲೋ ಐತಿ" ಎಂದು ಬೆರಳು ತೋರಿಸುತ್ತ ಹೋದರು. ಎಲ್ಲ ಗಾಡಿಗಳೂ ಎಣ್ಣೆ ಸೋರುತ್ತಿದ್ದವು. ಅದಕ್ಕೆಂದೇ ಪ್ರತಿಯೊಬ್ಬರೂ ಒಂದು ಬೋಗುಣಿ ತಂದಿದ್ದರು. ಸೋರದಿದ್ದರೆ ಒಳಗೆ ಎಣ್ಣೆ ಇಲ್ಲವೆಂದು ಅರ್ಥ ಎಂದು ಆಲನ್ ವಿವರಿಸಿದ.

ಆ ಜನರ ರೀತಿಯೇ ಬೇರೆ. ಬೆಳಿಗ್ಗೆ ಎಲ್ಲರೂ ಕಂಕುಳಲ್ಲಿ ಕಾಗದದ ಸುರುಳಿ ಇಟ್ಟುಕೊಂಡು ಕಕ್ಕಸಿನ ಮುಂದೆ ಸಾಲಾಗಿ ನಿಲ್ಲುತ್ತಾರೆ, ಹವಾಮಾನದ ಬಗ್ಗೆ ಮಾತಾಡುತ್ತಾರೆ. ಆ ಸಾಲಿನಲ್ಲಿ ತಾಮ್ರದ ಚಂಬು ಹಿಡಿದು ನಿಂತವರು ನಾವಿಬ್ಬರೇ. ಹಿಂದೆ ನಿಂತ ಎತ್ತರದ ಮುದುಕ ಚಂಬನ್ನು ತುಂಬ ಹೊತ್ತು ನೋಡಿ, ಯಾವ ಗಾಡಿಯ ಭಾಗ ಎಂದು ಗಂಭೀರವಾಗಿ ಕೇಳಿದ. ನೀವು ಅವರ ಕಾಲು ತುಳಿದರೆ ಅವರೇ ನಿಮ್ಮ ಕ್ಷಮೆ ಕೇಳುತ್ತಾರೆ. ಎಪ್ಪತ್ತರ ಅಜ್ಜಿಯರು ಮಳೆಯಲ್ಲಿ ಅಂಗಾತ ಮಲಗಿ ನಟ್ಟು ಬಿಗಿಯುತ್ತಾರೆ. ಗಾಡಿಗೆ ಹೊದಿಕೆ ಹಾಕಿ ತಾವು ನೆನೆಯುತ್ತಾರೆ.

ನಮ್ಮ ಮನೆಯಲ್ಲಿ ಸ್ನಾನ, ಲಿಂಗಪೂಜೆ ಆಗದೆ ಬಾಯಿಗೆ ನೀರೂ ಹಾಕುವುದಿಲ್ಲ. ಹೊಲದ ನಲ್ಲಿಯ ಕೆಳಗೆ ಪಂಚೆ ಉಟ್ಟು ಕೂತೆ. ಕೆಲಗೇರಿ ಕೆರೆಯಲ್ಲಿ ಸಂಕ್ರಾಂತಿಗೆ ಮುಳುಗಿ ಎದ್ದವನು ನಾನು, ಆದರೂ ಆ ನೀರಿಗೆ ತಲೆಬುರುಡೆ ಕುಣಿಯಿತು. ಡೇರೆಯೊಳಗೆ ವಿಭೂತಿ ಹಚ್ಚಿಕೊಂಡು ಅರ್ಧ ತಾಸು ಕೂತು ಹೊರಬಂದರೆ ಆಲನ್ ಚಹಾದ ಲೋಟವನ್ನು ಕೋಟಿನೊಳಗೆ ಬಚ್ಚಿಟ್ಟು ಬಿಸಿಯಾಗಿ ಕಾಪಾಡುತ್ತ ನಿಂತಿದ್ದ. ನನ್ನ ಪೂಜೆ ಮುಗಿಯುವವರೆಗೆ ತಾನೂ ಕುಡಿದಿರಲಿಲ್ಲ. ಅಂಥವನಿಗೆ ಹೇಗೆ ಹೇಳಲಿ.

ಶನಿವಾರ, ಹಳೆಯ ಸಾಮಾನಿನ ಸಂತೆ

ಹೊಲದ ಒಂದು ಅಂಚಿಗೆ ಹಳೆಯ ಸಾಮಾನು ಮಾರುವವರ ಸಾಲು. ತುಕ್ಕು ಹಿಡಿದ ಚೈನು, ಒಡೆದ ಹೆಡ್‌ಲೈಟು, ಎಲ್ಲಕ್ಕೂ ಗಿರಾಕಿ. ಮಿಸ್ತ್ರಿ ಅಲ್ಲಿ ಹೊಕ್ಕರೆ ಹೊರಗೆ ಬರುತ್ತಿರಲಿಲ್ಲ. ಒಂದು ಮೇಜಿನ ಮುಂದೆ ತಟ್ಟನೆ ನಿಂತು ನನ್ನ ತೋಳು ಹಿಡಿದರು.

"ಸಾವಕಾರ್ರ, ಇಲ್ಲಿ ನೋಡ್ರಿ."

ಮೇಜಿನ ಮೇಲೆ ಹತ್ತಿ ಹಾಸಿದ ಸಣ್ಣ ಡಬ್ಬಿಗಳು. ಪ್ರತಿ ಡಬ್ಬಿಯಲ್ಲೂ ಹೊಳೆಯುವ ಹಿತ್ತಾಳೆಯ ಒಂದೊಂದು ಮೂಗು. ಅದೇ ಅಳತೆ, ಅದೇ ಜಾಲರಿ. ಆಲನ್ನನ ಲೇಖನದ ಚಿತ್ರ ನೋಡಿ ಅಂಗಡಿಯವನು ನಕಲು ಮಾಡಿದ್ದು. ಕಾರ್ಖಾನೆಯ ಕಾಲದ ವಿಶೇಷ ಭಾಗವೆಂದು ಜನ ತಮ್ಮ ಗಾಡಿಗಳಿಗೂ ಕೂಡಿಸಿಕೊಳ್ಳುತ್ತಿದ್ದಾರೆ. ಮಿಸ್ತ್ರಿ ಒಂದನ್ನು ಎತ್ತಿ, ಅಂಗೈಯಲ್ಲಿಟ್ಟು ತೂಗಿ ನೋಡಿದರು. ಅವರ ಕಣ್ಣು ತುಂಬಿತ್ತು.

"ನಿಮ್ಮ ಮನಿ ಸ್ಟೋವ್ ಎಲ್ಲಿ ಮಟಾ ಬಂದೈತಿ ನೋಡ್ರಿ. ಮಾಡಿದ್ದು ಯಾರಂತ ನೀವು ಹೇಳಿದ್ದ ಛಲೋ ಆತು. ಎಲ್ಲಾರೂ ನನ್ನ ಮಾರಿ ನೋಡಿ ನಗತಾರ, ಯಾಕಂತಿದ್ದೆ. ಗೊತ್ತಾಗೇತಿ ಅವರಿಗೆ."

ಅಲ್ಲಿ ಎಲ್ಲರೂ ಎಲ್ಲರ ಮುಖ ನೋಡಿ ನಗುತ್ತಾರೆ, ಅದು ಅವರ ಪದ್ಧತಿ. ನಾನು ಅಂಗಡಿಯವನಿಗೆ ಬೆಲೆ ಕೇಳಿದೆ. ಆ ದಿನವೆಲ್ಲ ಮಿಸ್ತ್ರಿ ಹೊಲ ಸುತ್ತಿದರು. ಮೂಗು ಕೂಡಿಸಿದ ಗಾಡಿ ಕಂಡಲ್ಲೆಲ್ಲ ನಿಂತು, ಸವಾರನ ಭುಜ ತಟ್ಟಿ, ಎದೆ ಮುಟ್ಟಿಕೊಂಡು ಕನ್ನಡದಲ್ಲಿ ನಾಲ್ಕು ಮಾತು ಹೇಳಿದರು. ಸವಾರರು ಇಂಗ್ಲಿಷಿನಲ್ಲಿ ನಾಲ್ಕು ಮಾತು ಹೇಳಿ ಕೈಕುಲುಕಿದರು. ಅಷ್ಟು ಸುಖಿಯಾದ ಮನುಷ್ಯನನ್ನು ನಾನು ನೋಡಿಲ್ಲ, ಅಷ್ಟು ನಾಚಿಕೆಯನ್ನೂ ಪಟ್ಟಿಲ್ಲ.

ಭಾನುವಾರ

ಕಪ್ಪಿನ ತೀರ್ಪು ಕೊಡುವವಳು ಎಪ್ಪತ್ತು ದಾಟಿದ ಹೆಂಗಸು. ಪ್ಯಾಂಟು, ಬೂಟು, ಕೈಯಲ್ಲಿ ಹಲ್ಲಿನ ಡಾಕ್ಟರರ ಹಾಗೆ ಒಂದು ಪುಟ್ಟ ಕನ್ನಡಿ. ಕರೆವ್ವನ ಸುತ್ತ ಮೂವತ್ತು ನಲವತ್ತು ಜನ ಸೇರಿದರು. ಆಕೆ ಒಂದೊಂದು ನಟ್ಟನ್ನೂ ನೋಡಿ ಬರೆದುಕೊಂಡಳು. ಕೊನೆಗೆ ಮೂಗಿನ ಹತ್ತಿರ ಬಂದು, ನನ್ನ ಕಡೆ ತಿರುಗಿ ಕೇಳಿದಳು: ನೀನು ಮೊದಲಿನ ಮಾಲೀಕರ ಮಗನಂತೆ, ಈ ಭಾಗದ ಬಗ್ಗೆ ಮನೆಯಲ್ಲಿ ಏನಾದರೂ ಕೇಳಿದ್ದೀಯಾ?

ಆಲನ್ ನನ್ನನ್ನು ನೋಡಿ ನಕ್ಕ. ಮಿಸ್ತ್ರಿಯೂ ನಕ್ಕರು. ಅವರಿಬ್ಬರ ನಡುವೆ ನಾನು.

"ನಾನಾಗ ಚಿಕ್ಕವನು, ಸರಿಯಾಗಿ ನೆನಪಿಲ್ಲ" ಎಂದೆ.

ಆಕೆ ಬಗ್ಗಿ, ಜಾಲರಿಯೊಳಗೆ ಕನ್ನಡಿಯ ಬೆಳಕು ಬಿಟ್ಟು ಇಣುಕಲು ಹೆಣಗಿದಳು. ಮಿಸ್ತ್ರಿಗೆ ಅಷ್ಟು ಸಾಕಾಯಿತು. "ತಡೀರಿ ಅವ್ವಾರ, ಹಂಗ ಕಾಣೂದಿಲ್ಲ" ಎಂದವರೇ ಹೆಗಲ ಮೇಲಿನ ಅರಿವೆಯನ್ನು ಮೂಗಿಗೆ ಸುತ್ತಿ, ಅಂಗೈಯಿಂದ ಎರಡು ಪೆಟ್ಟು ಕೊಟ್ಟು, ಲೋಕದ ಎಲ್ಲ ನಟ್ಟುಗಳೂ ಬಿಗಿಯಾಗುವ ದಿಕ್ಕಿಗೆ ತಿರುವಿದರು. ಆಲನ್ ಕೂಗಿಕೊಂಡ. ಮೂಗು ಮೂರೇ ಸುತ್ತಿನಲ್ಲಿ ಬಿಚ್ಚಿ ಕೈಗೆ ಬಂತು.

"ಎಂಜಿನ್ ನಡುಗಿದ್ರ ಸೀದಾ ಥ್ರೆಡ್ ಸಡಲಾಗತೈತಿ. ಅದಕ್ಕ ಉಲ್ಟಾ ಹಾಕಿದ್ದೆ" ಎಂದು ಅವರು ಸುತ್ತಲಿನವರಿಗೆ ಕನ್ನಡದಲ್ಲೇ ಪಾಠ ಹೇಳಿದರು. ಆಮೇಲೆ ಒಳಗೆ ಬೆರಳು ಹಾಕಿ ಕಪ್ಪು ಗಡ್ಡೆಯಂಥದ್ದನ್ನು ಎಳೆದು, ಎರಡೂ ಕೈಯಿಂದ ಹಿಂಜಿದರು. ನಡುವೆ ಬಿಳಿ ಕಂಡಿತು.

"ನಮ್ಮ ಜಿನ್ನಿಂದ ನೋಡ್ರಿ ಸಾವಕಾರ್ರ. ಜಯಧರ ಹತ್ತಿ."

ತೀರ್ಪಿನ ಅಜ್ಜಿ ಹತ್ತಿಯನ್ನು ನೋಡಿದಳು, ಮಿಸ್ತ್ರಿಯನ್ನು ನೋಡಿದಳು, ಪೆನ್ನಿಗೆ ಮುಚ್ಚಳ ಹಾಕಿದಳು. ಆಲನ್ನನ ಮುಖದಲ್ಲಿ ರಕ್ತ ಇರಲಿಲ್ಲ. ಮಿಸ್ತ್ರಿಯ ನಗು ನಿಧಾನವಾಗಿ ಇಳಿಯಿತು.

"ಯಾಕ ಹಿಂಗ ನೋಡಾಕತ್ತಾರ? ನಾ ಮಾಡಿದ್ದಂತ ಗೊತ್ತೈತೆಲ್ಲ ಇವರಿಗೆ."

ನಾನು ನೆಲಕ್ಕೆ ಬಿದ್ದ ಹತ್ತಿಯ ಎಳೆ ಹೆಕ್ಕತೊಡಗಿದೆ.

"ಹೇಳೇನಿ ಅಂದಿದ್ರೆಲ್ಲ. ಹೇಳಿಲ್ಲೇನು?"

"ಇಲ್ಲರಿ" ಎಂದೆ. ಕಾರ್ಖಾನೆಯ ಮಾತು, ಲೇಖನ, ಕಪ್ಪು, ಎಲ್ಲವನ್ನೂ ಕನ್ನಡದಲ್ಲಿ ಅಲ್ಲೇ ಒದರಿದೆ. ಅವರು ಪೂರ್ತಿ ಕೇಳಿದರು. ಅರಿವೆಗೆ ಒಂದೊಂದೇ ಬೆರಳು ಒರೆಸಿಕೊಂಡರು.

"ಈಗ ಹೇಳ್ರಿ. ನಾ ಹೇಳಿದಷ್ಟ ಹೇಳ್ರಿ. ಕೂಡಿಸಬ್ಯಾಡ್ರಿ, ಕಳೀಬ್ಯಾಡ್ರಿ."

ಆಮೇಲೆ ಆಲನ್ನನ ಕಣ್ಣಲ್ಲಿ ಕಣ್ಣಿಟ್ಟು ಒಂದೊಂದೇ ವಾಕ್ಯ ಹೇಳಿದರು, ನಾನು ಒಂದೊಂದನ್ನೇ ಇಂಗ್ಲಿಷಿಗೆ ಹಾಕಿದೆ. "ಈ ಮೂಗು ನಾ ಮಾಡಿದ್ದು. ಒಡದ ಸ್ಟೋವಿನ ಹಿತ್ತಾಳಿ. ಧೂಳಿಗೆ ಅಲ್ಲ, ಹತ್ತಿ ಎಳಿಗೆ." ಇಷ್ಟರವರೆಗೆ ಸುಲಭವಿತ್ತು. "ಇದನ್ನ ನಾ ಮೊದಲನೇ ದಿನಾನ ನಿಮ್ಮ ಮನ್ಯಾಗ ನಿಂತು ಹೇಳಿದ್ದೆ. ಇವರು ನಿಮಗ ಮುಟ್ಟಿಸಲಿಲ್ಲ. ನನಗೂ ಸುಳ್ಳ ಹೇಳಿದ್ರು."

ನಾನು ನಿಂತೆ.

"ಅದನ್ನೂ ಹೇಳ್ರಿ."

ಹೇಳಿದೆ. ನಲವತ್ತು ಜನ ಅಪರಿಚಿತರ ನಡುವೆ, ನನ್ನ ಬಾಯಿಂದಲೇ, ಇವನು ಸುಳ್ಳು ಹೇಳಿದ ಎಂದು ನನ್ನನ್ನೇ ತೋರಿಸಿ ಹೇಳಿದೆ. ಕಾಲೇಜಿನಲ್ಲಿ ಇಂಗ್ಲಿಷಿಗೆ ಬಹುಮಾನ ಪಡೆದವನು ನಾನು. ಅಷ್ಟು ಕಷ್ಟದ ವಾಕ್ಯ ಯಾವ ಪರೀಕ್ಷೆಯಲ್ಲೂ ಬಂದಿರಲಿಲ್ಲ.

"ಕಪ್ಪಿನ ಮಾತು ನನಗ ಗೊತ್ತಿದ್ರ ಕೈ ಹಚ್ಚತಿರಲಿಲ್ಲ" ಎಂದು ಮಿಸ್ತ್ರಿ ಮುಗಿಸಿದರು. ಅದನ್ನೂ ಹೇಳಿದೆ.

ಆಲನ್ ಮಿಸ್ತ್ರಿಯ ಅಂಗೈಯಿಂದ ಹತ್ತಿಯ ಒಂದು ಎಳೆ ತೆಗೆದುಕೊಂಡು ತುಂಬ ಹೊತ್ತು ನೋಡಿದ. ಆಮೇಲೆ ನನಗಲ್ಲ, ಅವರಿಗೇ ಹೇಳಿದ: "ಜಾಲರಿ ಧೂಳು ತಡೆಯುವುದಕ್ಕೆ ಇಷ್ಟು ಅಗಲ ಯಾಕೆ ಎಂದು ಹನ್ನೊಂದು ವರ್ಷ ತಲೆ ಕೆಡಿಸಿಕೊಂಡೆ. ಇದನ್ನು ಮಾಡಿದವನು ಬುದ್ಧಿವಂತ ಎಂದು ಲೇಖನದಲ್ಲಿ ಬರೆದಿದ್ದೇನೆ. ಅದೊಂದು ಸಾಲು ಸರಿ ಇದೆ." ನಾನು ಕನ್ನಡದಲ್ಲಿ ಹೇಳಿದೆ, ಕೂಡಿಸದೆ, ಕಳೆಯದೆ. ಮಿಸ್ತ್ರಿ ತಲೆ ಬಗ್ಗಿಸಿದರು. ತೀರ್ಪಿನ ಅಜ್ಜಿ ನಮ್ಮೆಲ್ಲರ ಕ್ಷಮೆ ಕೇಳಿ, ಕರೆವ್ವನ ಹೆಸರಿನ ಮೇಲೆ ಗೀರು ಎಳೆದು ಮುಂದಿನ ಗಾಡಿಗೆ ಹೋದಳು. ನಕಲು ಮೂಗಿನ ಅಂಗಡಿಯವನು ಮಾತ್ರ ಗುಂಪಿನಲ್ಲಿ ನುಗ್ಗಿ ಬಂದು, ಉಲ್ಟಾ ಥ್ರೆಡ್ಡಿನ ಅಳತೆ ಎಷ್ಟು ಎಂದು ಕೇಳಿದ.

ಏರು

ಮೇಳದ ಕೊನೆಯ ಆಟ ಗುಡ್ಡ ಹತ್ತುವುದು. ಹೊಲದ ಒಡೆಯನ ಮಣ್ಣು ದಾರಿ, ನೆಟ್ಟಗೆ ಗುಡ್ಡದ ತಲೆಗೆ. ಒಂದೊಂದೇ ಗಾಡಿ ಏರುತ್ತದೆ, ಕೆಳಗೆ ನಿಂತವರು ಟೊಪ್ಪಿಗೆ ತೂರುತ್ತಾರೆ. ಹತ್ತಿ ತೆಗೆದ ಮೂಗನ್ನು ಮಿಸ್ತ್ರಿ ತಿರುಗಿ ಕೂಡಿಸಿಯಾಗಿತ್ತು. ಕರೆವ್ವನ ಸರದಿ ಬಂದಾಗ ಆಲನ್ ಹ್ಯಾಂಡಲು ಹಿಡಿದು ತಂದು ಮಿಸ್ತ್ರಿಯ ಮುಂದೆ ನಿಲ್ಲಿಸಿ, ಸೀಟು ತಟ್ಟಿದ.

ಅಪ್ಪನ ಕಾಲದಲ್ಲಿ ಮಿಸ್ತ್ರಿ ಗಾಡಿ ರಿಪೇರಿ ಮಾಡಿ, ಜಿನ್ನಿನ ಗೇಟಿನವರೆಗೆ ಓಡಿಸಿ ನೋಡಿ, ಇಳಿದು, ಒರೆಸಿ ಕೊಡುತ್ತಿದ್ದರು. ಗೇಟಿನಾಚೆ ಓಡಿಸಿದ್ದಿಲ್ಲ. ಓಡಿಸಬೇಡ ಎಂದು ಅಪ್ಪ ಹೇಳಿದ್ದನ್ನು ನಾನು ಕೇಳಿಲ್ಲ; ಓಡಿಸು ಎಂದದ್ದನ್ನೂ ಕೇಳಿಲ್ಲ. ಸಾವಕಾರರ ಗಾಡಿ, ಅಷ್ಟೇ. ಈಗಲೂ ಅವರು ಒಮ್ಮೆ ನನ್ನ ಕಡೆ ನೋಡುತ್ತಾರೆ ಎಂದುಕೊಂಡು ನಾನು ತಲೆಯಾಡಿಸಲು ಸಿದ್ಧನಾಗಿ ನಿಂತಿದ್ದೆ. ಅವರು ನೋಡಲಿಲ್ಲ. ಕಾಲು ಹಾಕಿ ಕೂತರು, ಲಿವರು ಸರಿ ಮಾಡಿದರು, ಒಂದೇ ಕಿಕ್ಕಿಗೆ ಕರೆವ್ವ ಎದ್ದಳು. ಅಂಥ ದನಿಯನ್ನು ಚಿಕ್ಕಂದಿನಲ್ಲಿ ಕೇಳಿದ್ದು.

ಹತ್ತು ಮಾರು ಹೋಗಿ ಗಾಡಿ ನಿಂತಿತು. ಮಿಸ್ತ್ರಿ ಹಿಂದಕ್ಕೆ ತಿರುಗಿದರು. ಅವರ ಮುಖದಲ್ಲಿ ಸಿಟ್ಟು ಇನ್ನೂ ಇತ್ತು.

"ಏನ ನಿಂತ ನೋಡಾಕತ್ತೀರಿ? ಹತ್ರಿ."

ಓಡಿ ಹೋಗಿ ಹಿಂದಿನ ಸೀಟಿನ ಮೇಲೆ ಕೂತೆ. ಏನೋ ಹೇಳಬೇಕೆಂದು ಬಾಯಿ ತೆರೆದೆ.

"ಇಲ್ಲೇನ ನಿಮ್ಮ ಕೆಲಸ ಇಲ್ಲ" ಎಂದರು ಅವರು. "ಗಟ್ಟಿ ಹಿಡಕೊಂಡ ಸುಮ್ಮನ ಕುಂದರ್ರಿ."

ನಾನು ಅವರ ಸೊಂಟ ಹಿಡಿದು ಸುಮ್ಮನೆ ಕೂತೆ. ಗಾಡಿ ಗುಡ್ಡ ಏರಿತು.